ಆಟಕ್ಕುಂಟು, ಲೆಕ್ಕಕ್ಕಿಲ್ಲ

"ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ದೊಡ್ಡ ಹುಡುಗರ ಆಟದಲ್ಲಿ ತಾನೂ ಸೇರಬೇಕೆಂದು ಹಟ ಹಿಡಿಯುವ ಪುಟ್ಟ ತಮ್ಮನನ್ನೋ ತಂಗಿಯನ್ನೋ ಸಮಾಧಾನಪಡಿಸಲು ಹೇಳುವ ಮಾತದು. ಆ ಮಗು ಓಡಬಹುದು, ಕೂಗಬಹುದು, ಬಿದ್ದು ಮಂಡಿ ತರಚಿಕೊಳ್ಳಬಹುದು. ಆದರೆ ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. ಈ ಏರ್ಪಾಟಿನಲ್ಲಿ ಒಂದು ಕರುಣೆಯಿತ್ತು. ಲೆಕ್ಕಕ್ಕೆ ಬಾರದವನಿಗೂ ಆಟದಲ್ಲಿ ಒಂದು ಜಾಗವಿತ್ತು. ನಮ್ಮ ಶಾಲೆಗಳು ಈ ಗಾದೆಯನ್ನು ತಲೆಕೆಳಗು ಮಾಡಿ ಕೂತಿವೆ. ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣದ ಅವಧಿಯುಂಟು, ಪ್ರಗತಿಪತ್ರದಲ್ಲಿ ಅದಕ್ಕೊಂದು ಶ್ರೇಣಿಯುಂಟು, ಬೀರುವಿನಲ್ಲಿ ಬೀಗ ಹಾಕಿಟ್ಟ ಚೆಂಡೂ ಉಂಟು. ಮಗು ಮಾತ್ರ ಮೈದಾನದಲ್ಲಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ!

ಧ್ಯಾನ್‌ಚಂದರ ಜನ್ಮದಿನವಾದ ಆಗಸ್ಟ್ 29ರಂದು, ಶಾಲಾ ಕ್ರೀಡಾಕೂಟಗಳ ಉದ್ಘಾಟನೆಯಲ್ಲಿ, ಬಹುಮಾನ ವಿತರಣೆಯಲ್ಲಿ ನಾವೆಲ್ಲ ಒಂದೇ ಭಾಷಣವನ್ನು ಕೇಳುತ್ತ ಬಂದಿದ್ದೇವೆ. ಕ್ರೀಡೆಯಿಂದ ಶಿಸ್ತು ಬರುತ್ತದೆ, ಸಹಕಾರ ಬರುತ್ತದೆ, ಸೋಲು ಗೆಲುವುಗಳನ್ನು ಸಮಚಿತ್ತದಿಂದ ಸ್ವೀಕರಿಸುವ ಗುಣ ಬರುತ್ತದೆ ಎಂದು ಅತಿಥಿಗಳು ನುಡಿಯುತ್ತಾರೆ. ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಮಾತು ಸುಳ್ಳೆಂದು ನಾನು ಹೇಳಲಾರೆ. ನನ್ನ ತಕರಾರು ಆ ಮಾತನ್ನಾಡುವವರ ಮೇಲೆ. ಈ ದಿನ ಹಾಗೆ ಭಾಷಣ ಮಾಡಿ, ಮಾರನೆಯ ದಿನದಿಂದ ಮಕ್ಕಳ ಆಟದ ಅವಧಿಯನ್ನು ಕಸಿದು ಗಣಿತಕ್ಕೆ ಕೊಡುವವರು, ಮಗುವಿನ ವಯಸ್ಸನ್ನು ತಿದ್ದಿ ಪದಕ ತರುವವರು, ಮೈದಾನವೇ ಇಲ್ಲದ ಕಟ್ಟಡಕ್ಕೆ ಶಾಲೆಯೆಂದು ಹೆಸರಿಡುವವರು ನಾವೇ ಅಲ್ಲವೇ? ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ನಮ್ಮ ಹಿರಿಯರು ಅಂದದ್ದು ಇಂಥವರನ್ನು ಕಂಡೇ ಇರಬೇಕು.

ಮೊದಲು ಆಟ ಕಲಿಸುವುದಾದರೂ ಏನು, ಹೇಗೆ ಎಂಬುದನ್ನು ನೋಡೋಣ. ಖೊಖೊ ಆಟವನ್ನೇ ತೆಗೆದುಕೊಳ್ಳಿ. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಮಂದಿ ನಡುಗೆರೆಯ ಚೌಕಗಳಲ್ಲಿ, ಒಬ್ಬರು ಈ ಕಡೆಗೆ ಮುಖ ಮಾಡಿದರೆ ಮತ್ತೊಬ್ಬರು ಆ ಕಡೆಗೆ ಮುಖ ಮಾಡಿ ಕೂತಿರುತ್ತಾರೆ. ಓಡುವವನೊಬ್ಬನೇ. ಅವನು ನಡುಗೆರೆಯನ್ನು ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಎದುರಾಳಿ ಕೈಯಳತೆಯಲ್ಲೇ ತಪ್ಪಿಸಿಕೊಂಡು ಗೆರೆಯ ಆಚೆಗೆ ಹೋದನೆಂದರೆ ಇವನು ಮಾಡಬಹುದಾದದ್ದು ಒಂದೇ: ಕೂತಿರುವ ಜೊತೆಗಾರನ ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ "ಖೊ" ಎಂದು ಕೂಗಿ, ತಾನು ಅವನ ಜಾಗದಲ್ಲಿ ಕೂತುಬಿಡುವುದು. ಅಂದರೆ ಬೇಟೆ ಕೈಗೆ ಸಿಗುವ ಹೊತ್ತಿನಲ್ಲಿಯೇ ಅದನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು! ಬಿಟ್ಟುಕೊಡಲಾರದವನು ತಂಡವನ್ನು ಸೋಲಿಸುತ್ತಾನೆ. ಕೂತವನಾದರೂ ಸುಮ್ಮನೆ ಕೂತಿರುವುದಿಲ್ಲ. ಯಾವ ಕ್ಷಣದಲ್ಲಿ ಬೆನ್ನಿಗೆ ಕೈ ಬಿದ್ದೀತೆಂದು ಮೈಯೆಲ್ಲ ಕಿವಿಯಾಗಿ ಕಾಯುತ್ತಾನೆ. ಕಾಯುವುದೂ ಕೆಲಸವೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನು ಯಾವ ನೀತಿಪುಸ್ತಕದಲ್ಲಿಯೂ ಕಂಡಿಲ್ಲ.

ಕಬಡ್ಡಿಯೂ ಹಾಗೆಯೇ. ಏಳು ಜನರ ಎದುರಿಗೆ ಒಬ್ಬನೇ ಉಸಿರು ಹಿಡಿದು ಹೋಗಬೇಕು. ಔಟಾದವನು ಅಂಕಣದ ಹೊರಗೆ ಕೂರಬೇಕು. ಆದರೆ ಅವನ ಆಟ ಅಲ್ಲಿಗೆ ಮುಗಿಯುವುದಿಲ್ಲ. ಜೊತೆಗಾರನೊಬ್ಬ ಎದುರಾಳಿಯನ್ನು ಔಟು ಮಾಡಿದರೆ ಇವನು ಎದ್ದು ಒಳಕ್ಕೆ ಬರುತ್ತಾನೆ. ಬಿದ್ದವನನ್ನು ಎತ್ತಿ ತರುವುದು ಆ ಆಟದ ನಿಯಮದಲ್ಲಿಯೇ ಇದೆ. ಒಮ್ಮೆ ನಪಾಸಾದ ಮಗುವಿಗೆ ನಮ್ಮ ಪರೀಕ್ಷಾ ಪದ್ಧತಿ ಇಷ್ಟು ಔದಾರ್ಯ ತೋರಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಆದರೆ ಓದುಗ ಮಿತ್ರರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಗುಣಗಳು ಅಂಕಣದ ಮಣ್ಣಿನಿಂದ ತಾವಾಗಿಯೇ ಮಗುವಿನ ಮೈಗೆ ಅಂಟುವುದಿಲ್ಲ. ಮಣ್ಣು ಮಣ್ಣೇ. ಅಂಕಣದ ಅಂಚಿನಲ್ಲಿ ನಿಂತ ಹಿರಿಯನು ಯಾವುದನ್ನು ಮೆಚ್ಚುತ್ತಾನೆ, ಯಾವುದನ್ನು ಕಂಡೂ ಕಾಣದಂತೆ ಇರುತ್ತಾನೆ ಎಂಬುದರಿಂದ ಮಗು ಕಲಿಯುತ್ತದೆ. ನಮ್ಮ ಕಡೆಯ ಒಂದು ಹೈಸ್ಕೂಲಿನ ಹುಡುಗಿಯೊಬ್ಬಳು ಖೊಖೊ ಪಂದ್ಯದಲ್ಲಿ ಓಡುತ್ತಿದ್ದಾಗ, ಎದುರಾಳಿಯ ಬೆರಳು ತನ್ನ ಲಂಗದ ಅಂಚಿಗಲ್ಲ, ಬೆನ್ನಿಗೇ ತಾಗಿತೆಂದು ತಾನೇ ಕೈಯೆತ್ತಿ ಹೊರಕ್ಕೆ ನಡೆದಳು. ತೀರ್ಪುಗಾರರು ನೋಡಿರಲಿಲ್ಲ. ಆ ಪಂದ್ಯವನ್ನು ಅವಳ ತಂಡ ಸೋತಿತು. ಅವಳ ದೈಹಿಕ ಶಿಕ್ಷಕರು ಬಂದು ತಲೆ ಮುಟ್ಟಿ, "ಒಳ್ಳೇ ಕೆಲ್ಸ ಮಾಡಿದೆ ಕಣಮ್ಮ" ಎಂದಷ್ಟೇ ಹೇಳಿದರು. ಅವರು ಆ ಹೊತ್ತಿನಲ್ಲಿ "ನಿನ್ನನ್ನು ಯಾರು ಕೈಯೆತ್ತು ಅಂದಿದ್ದರು?" ಎಂದು ಗದರಿಸಿದ್ದರೆ? ಅದೇ ಆಟ, ಅದೇ ಮಣ್ಣು, ಅದೇ ಹುಡುಗಿ. ಪಾಠ ಮಾತ್ರ ಬೇರೆಯಾಗುತ್ತಿತ್ತು.

ದೊಡ್ಡ ಅಂಗಣದಲ್ಲಿಯೂ ಮಾತು ಇದೇ. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತ್ತು. ಆಗ ಬಂದ ಬಾಬ್ ಟೇಲರ್ ಅವರನ್ನು ವಿಕೆಟ್ ಕೀಪರಿಗೆ ಕ್ಯಾಚಿತ್ತರೆಂದು ಅಂಪೈರ್ ಔಟು ಕೊಟ್ಟರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆನ್ನಿಸಿತು. ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮತ್ತೆ ಆಡಲು ಕರೆದರು. ಮುಂದೆ ಟೇಲರ್ ಮತ್ತು ಬಾಥಮ್ ಸೇರಿ 171 ರನ್ನುಗಳ ಜೊತೆಯಾಟ ಕಟ್ಟಿದರು. ಭಾರತ ಆ ಪಂದ್ಯವನ್ನು 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರು ನಾಯಕರಾಗಿದ್ದದ್ದು ಒಟ್ಟು ಎರಡೇ ಟೆಸ್ಟುಗಳಿಗೆ, ಗೆಲುವು ಒಂದೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಅವರು ಗೆಲ್ಲದ ನಾಯಕ. ಆದರೆ ಆ ಪಂದ್ಯದ ನೆನಪು ಬಂದಾಗ ನಮ್ಮ ಜನ ಇಂದಿಗೂ ಮೊದಲು ಹೇಳುವುದು ಅವರ ಹೆಸರನ್ನೇ. ಲೆಕ್ಕಕ್ಕಿಲ್ಲದ್ದು ಆಟದಲ್ಲಿ ಉಳಿಯಿತು ನೋಡಿ.

ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡದೆ ಹೇಳಬೇಕು. ಆಡಿದವರೆಲ್ಲ ಗುಣವಂತರಾಗುವುದಾದರೆ ಅತಿ ಹೆಚ್ಚು ಆಡುವವರು ಅತಿ ಗುಣವಂತರಾಗಿರಬೇಕಿತ್ತು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಮೋಸದಾಟ ನಡೆಯಿತೆಂಬ ಆರೋಪದ ಮೇಲೆ ಬೆಂಗಳೂರು ಪೊಲೀಸರು ಆಟಗಾರರನ್ನೂ ತಂಡವೊಂದರ ಮಾಲೀಕರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟು ಆ ಮೊಕದ್ದಮೆಯನ್ನು ರದ್ದು ಮಾಡಿತು. ಆಟಗಾರನು ಪಂದ್ಯವನ್ನು ಮೊದಲೇ ನಿಗದಿ ಮಾಡಿಕೊಂಡರೆ ಅದು ಅಪ್ರಾಮಾಣಿಕತೆ, ಅಶಿಸ್ತು ಎನ್ನಿಸಬಹುದು. ಅದಕ್ಕೆ ಕ್ರಿಕೆಟ್ ಮಂಡಳಿ ಶಿಸ್ತುಕ್ರಮ ಕೈಗೊಳ್ಳಬಹುದು. ಆದರೆ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಅದಾಗುವುದಿಲ್ಲ ಎಂಬುದು ನ್ಯಾಯಾಲಯದ ವಿಚಾರ. ಆರೋಪಿಗಳ ತಪ್ಪು ಒಪ್ಪುಗಳನ್ನು ಇಲ್ಲಿ ತೂಗುವುದು ನನ್ನ ಕೆಲಸವಲ್ಲ. ಆದರೆ ಆ ತೀರ್ಪನ್ನು ಓದಿದಾಗ ಶಿಕ್ಷಕನಾಗಿದ್ದ ನನಗೆ ಹೊಳೆದದ್ದು ಇಷ್ಟು: ಆಟದಲ್ಲಿಯ ಮೋಸಕ್ಕೆ ಕಾನೂನಿನ ಕೈ ಎಲ್ಲ ಕಡೆಯೂ ಎಟುಕುವುದಿಲ್ಲ. ಅದನ್ನು ತಡೆಯುವುದಿದ್ದರೆ ಹತ್ತು ಹನ್ನೆರಡು ವರ್ಷದ ಮಗುವಿನ ಮನಸ್ಸಿನಲ್ಲಿಯೇ ತಡೆಯಬೇಕು. ಅಲ್ಲಿ ನಾವು ಏನು ಬಿತ್ತುತ್ತಿದ್ದೇವೆ?

ಹಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದಲ್ಲಿ ನಾನು ಸಮಯಪಾಲಕನಾಗಿದ್ದೆ. ಹದಿನಾಲ್ಕು ವರ್ಷದೊಳಗಿನ ಬಾಲಕರ 400 ಮೀಟರ್ ಓಟ. ಮೊದಲು ಬಂದ ಹುಡುಗನ ಮೀಸೆಯನ್ನು ಅದೇ ಬೆಳಿಗ್ಗೆ ಬೋಳಿಸಿದ್ದರು; ತುಟಿಯ ಮೇಲೆ ಬ್ಲೇಡಿನ ಗೀರು ಇನ್ನೂ ಹಸಿಯಾಗಿತ್ತು. ಎರಡನೆಯವನಾಗಿ ಬಂದ ಚಿಕ್ಕ ಹುಡುಗ ಏದುಸಿರು ಬಿಡುತ್ತ, "ಸಾರ್, ಅವ್ನು ನಮ್ಮಣ್ಣನ ಜೊತೆ ಓದಿದೋನು" ಎಂದ. ನಾನು ಆಕ್ಷೇಪಣೆ ಬರೆದುಕೊಟ್ಟೆ. ದಾಖಲೆಗಳೆಲ್ಲ ಸರಿಯಾಗಿವೆ ಎಂಬ ಉತ್ತರ ಬಂತು. ಆ ತಂಡದ ಜೊತೆ ಬಂದಿದ್ದ ಉಪಾಧ್ಯಾಯರು ಪಕ್ಕಕ್ಕೆ ಕರೆದು, "ಎಲ್ರೂ ಮಾಡೋದೇ ಸಾರ್, ನೀವೊಬ್ರು ಯಾಕೆ ತಲೆ ಕೆಡಿಸ್ಕೊಳ್ತೀರಿ?" ಎಂದರು. ಪದಕ ಹಾಕುವಾಗ ಆ ದೊಡ್ಡ ಹುಡುಗ ತಲೆಯೆತ್ತಲಿಲ್ಲ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಅವನ ವಯಸ್ಸನ್ನು ಅವನು ತಿದ್ದಿರಲಿಲ್ಲ. ಸಹಿ ಮಾಡಿದ ಕೈ ಬೇರೆಯವರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಪೈರನ್ನು ಬೈದು ಫಲವೇನು?

ಇದನ್ನೇ ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡುವಾಗ ಎಲ್ಲರ ಮುಂದೆ ಆಡಿದರು. ವಯಸ್ಸನ್ನು ಮರೆಮಾಚುವುದು ಪಂದ್ಯ ನಿಗದಿಪಡಿಸುವ ಭ್ರಷ್ಟಾಚಾರಕ್ಕಿಂತ ಬೇರೆಯಲ್ಲ, ತಂದೆತಾಯಿ ಮತ್ತು ತರಬೇತುದಾರರೇ ಸುಳ್ಳು ದಾಖಲೆ ಮಾಡಿಸುವುದನ್ನು ಕಂಡ ಮಗು ತನ್ನ ಹಿರಿಯರಿಂದಲೇ ಸುಳ್ಳನ್ನು ಕಲಿಯುತ್ತದೆ ಎಂಬುದು ಅವರ ಮಾತಿನ ಸಾರ. ಹಾಗೆ ನುಡಿದವರು ನಡೆದೂ ತೋರಿಸಿದರು. 2018ರಲ್ಲಿ ಅವರ ಮಾರ್ಗದರ್ಶನದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಮಂಡಳಿಯು ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಒಂದೇ ಕೆಲಸ ಮಾಡಿದವರಲ್ಲಿ ಈ ಭೇದವೇಕೆ ಎಂದು ಅವರು ಕೇಳಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ತಮ್ಮ ಪಾಲಿನಲ್ಲಿ ಅರ್ಧ ಕಳೆದುಕೊಂಡರು. ಇದೂ ಒಂದು ಬಗೆಯ "ಖೊ" ಕೊಡುವುದೇ.

ಇನ್ನು ನಮ್ಮ ಹೈಸ್ಕೂಲುಗಳ ಮಾತಿಗೆ ಬರುತ್ತೇನೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ದೈಹಿಕ ಶಿಕ್ಷಣಕ್ಕೆ ಈ 625ರಲ್ಲಿ ಒಂದು ಅಂಕವೂ ಇಲ್ಲ. ಜಿಲ್ಲೆಗಳನ್ನು ಫಲಿತಾಂಶದ ಪಟ್ಟಿಯಲ್ಲಿ ಮೇಲೆ ಕೆಳಗೆ ನಿಲ್ಲಿಸುವ ಪದ್ಧತಿ ಬಂದಂದಿನಿಂದ ಹತ್ತನೆಯ ತರಗತಿಯ ಆಟದ ಅವಧಿ ಅನಾಥ ಹೊಲದಂತಾಗಿದೆ. ಯಾರು ಬೇಕಾದರೂ ನೇಗಿಲು ಹೂಡಬಹುದು. ಮೊದಲು ಗಣಿತದವರು ಬರುತ್ತಾರೆ, ಆಮೇಲೆ ವಿಜ್ಞಾನದವರು, ಡಿಸೆಂಬರ್ ಕಳೆದರೆ ಎಲ್ಲರೂ. ದೈಹಿಕ ಶಿಕ್ಷಕರನ್ನು ಬೇರೆ ಬೇರೆ ದಾಖಲೆ ಬರೆಯಲು ಕೂರಿಸುತ್ತಾರೆ. ಪಠ್ಯ, ಪಠ್ಯೇತರ ಎಂಬ ಗೋಡೆ ಇರಬಾರದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ನೀತಿಗಳು ಬರುತ್ತವೆ, ಬದಲಾಗುತ್ತವೆ. ಆ ಗೋಡೆ ಮಾತ್ರ ಗಟ್ಟಿಯಾಗಿ ನಿಂತಿದೆ.

"ಮೇಷ್ಟ್ರೇ, ಬಡವರ ಮಕ್ಕಳಿಗೆ ಅಂಕವೇ ಆಸ್ತಿ. ಆಟವಾಡಿಕೊಂಡಿದ್ದರೆ ಹೊಟ್ಟೆ ತುಂಬೀತೇ?" ಎಂದು ಕೇಳುವವರುಂಟು. ಇದು ಪ್ರಾಮಾಣಿಕವಾದ ಪ್ರಶ್ನೆ, ನಾನು ಗೌರವಿಸುತ್ತೇನೆ. ಆದರೆ ವಾರಕ್ಕೆ ಎರಡು ಮೂರು ಅವಧಿಗಳನ್ನು ಕಸಿದುಕೊಂಡು ನಾವು ಸಂಪಾದಿಸಿದ್ದೇನು? ಬೆಳಗಿನಿಂದ ಬೆಂಚಿನ ಮೇಲೆ ಕೂತು ಮಂಕಾದ ಮಗುವಿನ ತಲೆಗೆ ಸಂಜೆ ಮೂರೂವರೆಗೆ ಪ್ರಮೇಯ ಹತ್ತುವುದಿಲ್ಲವೆಂಬುದು ಪಾಠ ಮಾಡಿದ ಎಲ್ಲರಿಗೂ ಗೊತ್ತು. ಉಳ್ಳವರ ಮಗುವಿಗೆ ಸಂಜೆ ಈಜುಕೊಳವುಂಟು, ಬ್ಯಾಡ್ಮಿಂಟನ್ ತರಬೇತಿಯುಂಟು. ಬಡವರ ಮಗುವಿಗೆ, ಅದರಲ್ಲಿಯೂ ಮನೆಗೆ ಹೋದೊಡನೆ ದನದ ಮೇವು, ನೀರು, ತಮ್ಮ ತಂಗಿಯರ ಪಾಲನೆ ಕಾದಿರುವ ಹೆಣ್ಣುಮಗುವಿಗೆ, ಆಟ ಸಿಗುವುದಿದ್ದರೆ ಶಾಲೆಯ ಆ ನಲವತ್ತು ನಿಮಿಷಗಳಲ್ಲಿ ಮಾತ್ರ. ಅದನ್ನು ಕಸಿದರೆ ಅವಳಿಗೆ ಬೇರೆ ಮೈದಾನವಿಲ್ಲ. ಬಡವರ ಹೆಸರು ಹೇಳಿ ಬಡವರಿಂದಲೇ ಕಸಿಯುವುದು ಯಾವ ನ್ಯಾಯ?

ನಮ್ಮ ಜವನಗೊಂಡನಹಳ್ಳಿ ಹೆದ್ದಾರಿಯ ಬದಿಯ ಊರು. ಹಿರಿಯೂರಿಗೂ ಶಿರಾಕ್ಕೂ ನಡುವೆ ಹೋಗುವವರೆಲ್ಲ ಅದನ್ನು ಕಿಟಕಿಯಿಂದ ನೋಡಿರುತ್ತಾರೆ. ಮಳೆ ಕಡಿಮೆ, ಬಯಲು ಹೆಚ್ಚು. ಈ ಸೀಮೆಯಲ್ಲಿ ನೀರಿಗೆ ಬರ ಬಂದದ್ದುಂಟು, ಬಯಲಿಗೆ ಬರ ಬಂದದ್ದಿಲ್ಲ. ಆದರೂ ಮಕ್ಕಳಿಗೆ ಆಟವಿಲ್ಲವೆಂದರೆ ಕೊರತೆ ನೆಲದ್ದಲ್ಲ, ಮನಸ್ಸಿನದು. 2009ರ ಶಿಕ್ಷಣ ಹಕ್ಕು ಕಾಯಿದೆಯು ತನ್ನ ಅನುಸೂಚಿಯಲ್ಲಿ ಶಾಲೆಗೆ ಬೇಕಾದವುಗಳ ಸಾಲಿನಲ್ಲಿ ಆಟದ ಮೈದಾನವನ್ನು ಸೇರಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಾಗಿದ್ದೂ ಪೇಟೆಗಳಲ್ಲಿ ಅಂಗಡಿ ಮಳಿಗೆಯ ಮೇಲಣ ಮಹಡಿಯಲ್ಲಿ ನಡೆಯುವ ಶಾಲೆಗಳನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಅವುಗಳ ಹಳದಿ ಬಸ್ಸು ಹಳ್ಳಿಗೆ ಬಂದು, ವಿಶಾಲವಾದ ಬಯಲಿನ ನಡುವಿನಿಂದ ಮಕ್ಕಳನ್ನು ಎತ್ತಿಕೊಂಡು, ಮೈದಾನವಿಲ್ಲದ ಕಟ್ಟಡಕ್ಕೆ ಒಯ್ಯುತ್ತದೆ. ಅದಕ್ಕೆ ನಾವು ಶುಲ್ಕ ಕೊಡುತ್ತೇವೆ!

ಅದೇ ಕಾಯಿದೆಯ ಇನ್ನೊಂದು ಸಾಲನ್ನೂ ನೋಡಿ. ಆರರಿಂದ ಎಂಟನೆಯ ತರಗತಿಯವರೆಗೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಅದು ಹೇಳುವುದು, ಆ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ನಮ್ಮ ಹೋಬಳಿಯಂಥ ಕಡೆಯ ಎಷ್ಟು ಹಳ್ಳಿಶಾಲೆಗಳಲ್ಲಿ ಆ ಮೂರು ತರಗತಿ ಸೇರಿ ನೂರು ದಾಟೀತು? ಸಣ್ಣ ಊರಿನ ಮಗು ಗಣಿತಕ್ಕೆ ಲೆಕ್ಕಕ್ಕುಂಟು, ಬಿಸಿಯೂಟಕ್ಕೆ ಲೆಕ್ಕಕ್ಕುಂಟು, ಆಟದ ಮೇಷ್ಟರ ವಿಷಯ ಬಂದಾಗ ಮಾತ್ರ ಲೆಕ್ಕಕ್ಕಿಲ್ಲ. ಮೈದಾನವನ್ನು ಕೊಟ್ಟು, ಅದರ ಅಂಚಿನಲ್ಲಿ ನಿಲ್ಲಬೇಕಾದ ಹಿರಿಯನನ್ನು ಕೊಡದಿದ್ದರೆ ಅಲ್ಲಿ ಯಾವ ಮೌಲ್ಯ ಬೆಳೆದೀತು? ಬಲವಿದ್ದವನು ಬ್ಯಾಟು ಹಿಡಿಯುತ್ತಾನೆ, ಇಲ್ಲದವನು ದಿನವೆಲ್ಲ ಚೆಂಡು ಹೆಕ್ಕುತ್ತಾನೆ. ಊರಿನ ಮೇಲುಕೀಳು ಮೈದಾನಕ್ಕೂ ನಡೆದುಬರುತ್ತದೆ.

ಹಳ್ಳಿಯಿಂದ ಏನಾದೀತು ಎನ್ನುವವರಿಗೆ ಒಂದು ನಿದರ್ಶನ ಕೊಡುತ್ತೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಪುರುಷರ ತಂಡವೂ ಗೆದ್ದಿತು. ಆ ಮಹಿಳಾ ಫೈನಲಿನ ಶ್ರೇಷ್ಠ ಆಟಗಾರ್ತಿಯೆನಿಸಿದ ಬಿ. ಚೈತ್ರಾ, ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೊಖೊಗೆ ಬೇಕಾದದ್ದು ಎರಡು ಕಂಬ, ಸುಣ್ಣದ ಗೆರೆ, ಒಂದು ಸೀಟಿ ಮತ್ತು ಕಲಿಸುವ ಒಬ್ಬ ಮನುಷ್ಯ. ಮೊದಲ ಮೂರಕ್ಕೆ ಬಡತನ ಅಡ್ಡಿಯಲ್ಲ.

ಆದರೆ ಈ ನಿದರ್ಶನವನ್ನು ಕೊಟ್ಟೊಡನೆ ನನಗೊಂದು ಭಯವೂ ಇದೆ. ನಾಳೆ ಯಾರೋ ಬಂದು, ಹಾಗಾದರೆ ಪ್ರತಿ ಶಾಲೆಯಿಂದಲೂ ಇಬ್ಬರು ಚುರುಕಾದವರನ್ನು ಆರಿಸಿ ತರಬೇತಿ ಕೊಡೋಣ ಎಂದಾರು. ಆಗ ಉಳಿದ ಮೂವತ್ತೆಂಟು ಮಕ್ಕಳು ಮತ್ತೆ ಗೋಡೆಗೊರಗಿ ಚಪ್ಪಾಳೆ ತಟ್ಟುತ್ತ ನಿಲ್ಲುತ್ತಾರೆ. ವಿಶ್ವಕಪ್ಪಿಗೆ ಹೋಗುವ ಮಗು ಲಕ್ಷಕ್ಕೊಂದು. ಅದರ ಗುಣಕ್ಕಿಂತ, ಎಲ್ಲಿಗೂ ಹೋಗದೆ ಇದೇ ಹೋಬಳಿಯಲ್ಲಿ ರೈತನಾಗುವ, ಬಸ್ ಕಂಡಕ್ಟರನಾಗುವ, ಪಂಚಾಯ್ತಿ ಸದಸ್ಯೆಯಾಗುವ, ಗುಮಾಸ್ತನಾಗುವ ಮಗುವಿನ ಗುಣದ ಮೇಲೆ ನಮ್ಮ ನಾಳಿನ ಬದುಕು ನಿಂತಿದೆ. ತೀರ್ಪುಗಾರ ನೋಡದಿದ್ದಾಗಲೂ ಕೈಯೆತ್ತಬೇಕಾದವರು ಅವರು. ಸೋತ ಚುನಾವಣೆಯ ಮರುದಿನ ಎದುರು ಪಕ್ಷದವನ ಮನೆಯ ಮದುವೆಗೆ ಹೋಗಿ ಉಂಡು ಬರಬೇಕಾದವರು ಅವರು. ತನ್ನ ಸರದಿ ಮುಗಿದಾಗ ಅಧಿಕಾರವನ್ನು ಇನ್ನೊಬ್ಬರಿಗೆ ಬಿಟ್ಟು ಕೂರಬೇಕಾದವರು ಅವರು. ಇಂದು ನಮ್ಮ ಸಾರ್ವಜನಿಕ ಬದುಕಿನಲ್ಲಿ "ಖೊ" ಕೊಡಲೊಲ್ಲದವರೇ ತುಂಬಿದ್ದಾರೆಂದು ದೂರುತ್ತೇವೆ. ಅವರಿಗೆ ಬಾಲ್ಯದಲ್ಲಿ ಚೌಕದಲ್ಲಿ ಕೂರುವುದನ್ನು ಯಾರಾದರೂ ಕಲಿಸಿದ್ದರೇ?

ಆದ್ದರಿಂದ ನನ್ನ ಕೇಳಿಕೆ ದೊಡ್ಡದೇನಲ್ಲ. ಕ್ರೀಡಾಂಗಣ ಕಟ್ಟಿಸಿ, ಕೋಟಿ ಕೊಡಿ ಎಂದು ನಾನು ಕೇಳುತ್ತಿಲ್ಲ. ವೇಳಾಪಟ್ಟಿಯಲ್ಲಿರುವ ಆಟದ ಅವಧಿ ಆಟಕ್ಕೇ ಉಳಿಯಲಿ, ಹತ್ತನೆಯ ತರಗತಿಗೂ, ಜನವರಿಯಲ್ಲಿಯೂ. ಆ ಅವಧಿಯಲ್ಲಿ ತರಗತಿಯ ಪ್ರತಿ ಮಗುವೂ, ಕನ್ನಡಕದವನೂ ಕುಂಟುವವಳೂ ಸೇರಿ, ಯಾವುದಾದರೊಂದು ಪಾತ್ರದಲ್ಲಿ ಅಂಕಣದೊಳಗೆ ಇರಲಿ. ಸಣ್ಣ ಶಾಲೆಗಳಿಗೆ ನೂರರ ಲೆಕ್ಕ ಹಿಡಿಯದೆ, ಮೂರು ನಾಲ್ಕು ಊರು ಸೇರಿಸಿಯಾದರೂ ಒಬ್ಬ ದೈಹಿಕ ಶಿಕ್ಷಕರನ್ನು ಕೊಡಲಿ. ವಯಸ್ಸಿನ ಸುಳ್ಳು ದಾಖಲೆ ಸಿಕ್ಕಿದಾಗ ಮಗುವನ್ನಲ್ಲ, ಸಹಿ ಮಾಡಿದವರನ್ನು ಹೊಣೆ ಮಾಡಲಿ. ಮತ್ತು ಮಕ್ಕಳನ್ನು ಶಾಲೆಗೆ ಸೇರಿಸಲು ಹೋಗುವ ತಂದೆತಾಯಿಯರು ಫಲಿತಾಂಶ ಶೇಕಡಾ ಎಷ್ಟು ಎಂದು ಕೇಳುವ ಮುನ್ನ, "ಮಕ್ಕಳು ಎಲ್ಲಿ ಆಡುತ್ತಾರೆ, ತೋರಿಸಿ" ಎಂದು ಕೇಳಲಿ. ಈ ಒಂದು ಪ್ರಶ್ನೆಯನ್ನು ಒಂದು ಊರಿನ ಹತ್ತು ಜನ ಕೇಳಿದರೂ ಸಾಕು, ಆ ಹಳದಿ ಬಸ್ಸಿನವರು ಉತ್ತರ ಹುಡುಕತೊಡಗುತ್ತಾರೆ.

ಇಷ್ಟು ಮಾಡುವವರೆಗೆ ಕ್ರೀಡೆಯಿಂದ ಬರುವ ಮೌಲ್ಯಗಳ ಬಗ್ಗೆ ನಾವು ಹಿರಿಯರು ವೇದಿಕೆಯ ಮೇಲೆ ನಿಂತು ಮಾತಾಡದಿರುವುದೇ ಲೇಸು. ಬಿಸಿಲಿನಲ್ಲಿ ನಿಂತು ಕೇಳುವ ಮಕ್ಕಳು ದಡ್ಡರಲ್ಲ. ಬೀರುವಿನ ಬೀಗದಕೈ ಯಾರ ಹತ್ತಿರವಿದೆಯೆಂಬುದು ಅವರಿಗೆ ಗೊತ್ತು.